ಎಲ್ಲಕ್ಕೂ ‘ಆರ್’ ಎಂದು ಬಂದ ಕಲ್ಚರ್ ರಿಪೋರ್ಟ್: ಅಮ್ಮನ ಐಸಿಯು ದಿನಗಳು

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಕೋಲು ಹಿಡಿದು ಹಜಾರದವರೆಗೆ ನಡೆಯುತ್ತಾರೆ. ಐಸಿಯು ಹೊರಗಿನ ಕುರ್ಚಿಯಲ್ಲಿ ಕುಳಿತು, ‘ಪೇಷೆಂಟಿಗೆ ರೆಸಿಸ್ಟೆಂಟ್ ಬಗ್ ಬಂದಿದೆ’ (ಅಂದರೆ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾ) ಎಂಬ ಮಾತನ್ನು ಮೊದಲ ಬಾರಿಗೆ ಕೇಳಿಸಿಕೊಂಡವರಿಗೆ ಉಪಯೋಗವಾಗಬಹುದೆಂದು, ನೆನಪು ಮಾಸುವ ಮೊದಲೇ ಇದನ್ನು ಬರೆದಿಡುತ್ತಿದ್ದೇನೆ. ನಾನು ವೈದ್ಯೆಯಲ್ಲ, ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಆದ್ದರಿಂದ ಇಲ್ಲಿ ಚಿಕಿತ್ಸೆಯ ಸಲಹೆಯಿಲ್ಲ. ವೈದ್ಯರು ನಮಗೆ ಏನು ಹೇಳಿದರು, ನಾವು ಯಾವ ಕಾಗದಗಳನ್ನು ಕೇಳಿ ಪಡೆದೆವು, ಹಣ ಎಲ್ಲೆಲ್ಲಿ ಹೋಯಿತು ಎಂಬುದಷ್ಟೇ ಇದೆ.

ಅಮ್ಮನಿಗೆ ಬಂದದ್ದು ಗಿಲಾನ್-ಬಾರೇ ಸಿಂಡ್ರೋಮ್, ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ದಾಳಿ ಮಾಡುವ ಕಾಯಿಲೆ. ಒಂದು ವಾರ ಭೇದಿಯಾಗಿ ವಾಸಿಯಾದ ಮೇಲೆ ಕಾಲುಗಳ ಬಲ ಹೋಯಿತು, ಆಮೇಲೆ ಕೈಗಳದ್ದು, ಕೊನೆಗೆ ಉಸಿರಾಟದ ಸ್ನಾಯುಗಳದ್ದು. ಬೆಂಗಳೂರಿನ ವಿಜಯನಗರದ ನಮ್ಮ ಮನೆಯಿಂದ ದೂರವಿಲ್ಲದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಅಲ್ಲಿ ವೆಂಟಿಲೇಟರ್ ಹಾಕಿದರು. ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದನ್ನು ದೇಹತೂಕದ ಲೆಕ್ಕದಲ್ಲಿ 5 ದಿನ ಕೊಡಬೇಕಾಗುತ್ತದೆ, ಅದೊಂದೇ ಲಕ್ಷಗಳ ಬಾಬತ್ತು. ನರಗಳು ಚೇತರಿಸಿಕೊಳ್ಳುತ್ತವೆ, ಆದರೆ ಸಮಯ ಹಿಡಿಯುತ್ತದೆ, ಅಲ್ಲಿಯವರೆಗೆ ಯಂತ್ರವೇ ಉಸಿರಾಡಿಸಬೇಕು ಎಂದರು. ಈ ‘ಅಲ್ಲಿಯವರೆಗೆ’ ಎಂಬ ಅವಧಿಯಲ್ಲೇ ನಿಜವಾದ ಅಪಾಯ ಕಾದಿರುತ್ತದೆ ಎಂಬ ಕಲ್ಪನೆ ನಮಗೆ ಯಾರಿಗೂ ಇರಲಿಲ್ಲ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಬ್ಬರಿಗೆ ಮಾತ್ರ ಪಾಸ್. ಬೆಳಗಿನ ಭೇಟಿಯ ನಂತರ ಐಸಿಯು ವೈದ್ಯರು ಕುಟುಂಬದವರನ್ನು ಕರೆದು ಕೆಲವು ನಿಮಿಷ ಮಾತನಾಡುತ್ತಿದ್ದರು. ಮೊದಲ ದಿನಗಳಲ್ಲಿ ‘ಸ್ಟೇಬಲ್’ ಎಂಬ ಒಂದೇ ಮಾತು ಕೇಳಿ ಹೊರಗೆ ಬರುತ್ತಿದ್ದೆವು. ಒಂದು ಬೆಳಿಗ್ಗೆ ಆ ಮಾತು ಬರಲಿಲ್ಲ. ರಾತ್ರಿ ಜ್ವರ ಏರಿತ್ತು, ಶ್ವಾಸನಾಳದ ಕೊಳವೆಯಿಂದ ತೆಗೆಯುವ ಕಫ ದಪ್ಪಗೆ, ಹಳದಿಯಾಗಿ ಬರುತ್ತಿತ್ತು, ಯಂತ್ರದಲ್ಲಿ ಆಮ್ಲಜನಕದ ಪ್ರಮಾಣವನ್ನು ಹೆಚ್ಚಿಸಬೇಕಾಗಿ ಬಂದಿತ್ತು, ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಹೊಸ ಪ್ಯಾಚ್ ಕಾಣಿಸಿತ್ತು. ವೆಂಟಿಲೇಟರ್ ಹಾಕಿ 48 ಗಂಟೆ ಕಳೆದ ನಂತರ ಬರುವ ಇಂಥ ನ್ಯುಮೋನಿಯಾವನ್ನು ಅವರು ‘ವ್ಯಾಪ್’ ಎಂದು ಕರೆಯುತ್ತಾರೆ. ಕೊಳವೆ ಗಂಟಲಲ್ಲಿದ್ದಾಗ ರೋಗಿಗೆ ಕೆಮ್ಮಲಾಗುವುದಿಲ್ಲ, ಬಾಯಿಯಲ್ಲಿ ಬೆಳೆದ ಸೂಕ್ಷ್ಮಾಣುಗಳು ಕೊಳವೆಯ ಪಕ್ಕದಿಂದ ಜಿನುಗಿ ಕೆಳಗಿಳಿಯುತ್ತವೆ, ಸ್ವತಃ ಉಸಿರೆಳೆಯಲಾಗದ ಅಮ್ಮನಂಥವರಲ್ಲಿ ಅದು ನಿಂತುಬಿಡುತ್ತದೆ ಎಂದು ಆ ಯುವ ವೈದ್ಯೆ ತಾಳ್ಮೆಯಿಂದ ವಿವರಿಸಿದರು.

ಕೊಳವೆಯ ಕಫ ಮತ್ತು ರಕ್ತ ಎರಡನ್ನೂ, ಸೂಕ್ಷ್ಮಾಣುಗಳನ್ನು ಬೆಳೆಸಿ ನೋಡುವ ಪರೀಕ್ಷೆಯಾದ ಕಲ್ಚರ್‌ಗೆ ಕಳುಹಿಸಿ, ಅದೇ ಹೊತ್ತಿಗೆ ಮೆರೊಪೆನೆಮ್ ಎಂಬ ಪ್ರಬಲ ಆ್ಯಂಟಿಬಯೋಟಿಕ್ ಶುರು ಮಾಡಿದರು. ಸ್ಯಾಂಪಲ್ ತೆಗೆದ ಮೇಲೆಯೇ ಹೊಸ ಆ್ಯಂಟಿಬಯೋಟಿಕ್ ಕೊಡುವುದು ಮುಖ್ಯ, ಇಲ್ಲವಾದರೆ ಪ್ರಯೋಗಾಲಯದಲ್ಲಿ ಏನೂ ಬೆಳೆಯದೆ ಹೋಗಬಹುದು. ಆಮೇಲೆ ಕಾಯುವಿಕೆ. ಸ್ಯಾಂಪಲ್ಲಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಂ ಸ್ಟೇನ್ ಎಂಬ ಮೊದಲ ಸುಳಿವು ಅದೇ ದಿನ ಸಿಗುತ್ತದೆ, ಯಾವ ಬ್ಯಾಕ್ಟೀರಿಯಾ ಎಂಬುದು ಮಾರನೆಯ ದಿನದ ಹೊತ್ತಿಗೆ ತಿಳಿಯಬಹುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಪೂರ್ತಿ ವರದಿಗೆ ಸಾಮಾನ್ಯವಾಗಿ 48ರಿಂದ 72 ಗಂಟೆ ಬೇಕು. ರಕ್ತದ ಬಾಟಲಿಗಳಲ್ಲಿ ಏನೂ ಬೆಳೆಯಲಿಲ್ಲ ಎಂದು ಖಚಿತವಾಗಿ ಹೇಳಲು 5 ದಿನ ಇಡುತ್ತಾರೆ. ಆದ್ದರಿಂದ ‘ರಿಪೋರ್ಟ್ ಬಂತೇ?’ ಎಂದು ಕೇಳುವುದಕ್ಕಿಂತ ‘ಪ್ರಾಥಮಿಕ ವರದಿಯಲ್ಲಿ ಏನಿದೆ?’ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಭಾನುವಾರ ಮತ್ತು ಹಬ್ಬದ ರಜೆಗಳು ಈ ಲೆಕ್ಕವನ್ನು ಇನ್ನಷ್ಟು ಹಿಗ್ಗಿಸುತ್ತವೆ. ನಮ್ಮದು ಅಂಥದೇ ಒಂದು ವಾರಾಂತ್ಯಕ್ಕೆ ಸಿಕ್ಕಿಕೊಂಡಿತ್ತು.

ಆ ಕಾಯುವ ರಾತ್ರಿಗಳಲ್ಲಿ ನನ್ನ ತಮ್ಮ ಮೊಬೈಲ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ. 2019ರ ಒಂದೇ ವರ್ಷದಲ್ಲಿ ಔಷಧನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜನ್ನು ನನಗೆ ಕಳುಹಿಸಿ, ಮರುಗಳಿಗೆಯಲ್ಲೇ ಅಳಿಸಿದ. ನಾನು ಅಷ್ಟರಲ್ಲಿ ಓದಿಯಾಗಿತ್ತು. ಅಂಥ ಸಂಖ್ಯೆಗಳಲ್ಲಿ ಸತ್ಯವಿದೆ, ಆದರೆ ಐಸಿಯು ಹೊರಗೆ ಕುಳಿತವರಿಗೆ ಅವುಗಳಿಂದ ಕಾಸಿನಷ್ಟು ಪ್ರಯೋಜನವಿಲ್ಲ.

ಕೊನೆಗೆ ವರದಿ ಬಂತು. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ, ಹೇರಳ ಬೆಳವಣಿಗೆ. ಅದರ ಕೆಳಗೆ ಆ್ಯಂಟಿಬಯೋಟಿಕ್‌ಗಳ ಹೆಸರುಗಳು, ಪ್ರತಿಯೊಂದರ ಮುಂದೆ ಒಂದು ಅಕ್ಷರ: ‘ಎಸ್’ ಎಂದರೆ ಔಷಧ ಕೆಲಸ ಮಾಡುತ್ತದೆ, ‘ಆರ್’ ಎಂದರೆ ಮಾಡುವುದಿಲ್ಲ, ‘ಐ’ ಎಂದರೆ ನಡುವೆ. ಸೆಫ್ಟ್ರಿಯಾಕ್ಸೋನ್, ಪೈಪೆರಾಸಿಲಿನ್-ಟ್ಯಾಜೋಬ್ಯಾಕ್ಟಮ್, ಅಮಿಕಾಸಿನ್, ಸಿಪ್ರೊಫ್ಲಾಕ್ಸಾಸಿನ್, ಮೂರು ದಿನಗಳಿಂದ ಅಮ್ಮನ ದೇಹಕ್ಕೆ ಹೋಗುತ್ತಿದ್ದ ಮೆರೊಪೆನೆಮ್, ಎಲ್ಲದರ ಮುಂದೆಯೂ ‘ಆರ್’. ಕೊಲಿಸ್ಟಿನ್ ಎಂಬ ಒಂದರ ಮುಂದೆ ಮಾತ್ರ ‘ಐ’ ಇತ್ತು. ಅದನ್ನು ನೋಡಿ, ಉಳಿದ ಒಂದೇ ಔಷಧವೂ ಅರ್ಧಂಬರ್ಧ ಕೆಲಸ ಮಾಡುತ್ತದೆ ಎಂದುಕೊಂಡು ತಮ್ಮ ಅಲ್ಲೇ ಗೋಡೆಗೆ ಒರಗಿ ನಿಂತ. ಇಲ್ಲೊಂದು ವಿವರವನ್ನು ಎಲ್ಲರೂ ತಿಳಿದಿರಬೇಕು. ನಮ್ಮ ಅನೇಕ ಪ್ರಯೋಗಾಲಯಗಳು ಅನುಸರಿಸುವ ಅಮೆರಿಕದ ಮಾನದಂಡದಲ್ಲಿ 2020ರಿಂದ ಕೊಲಿಸ್ಟಿನ್‌ಗೆ ‘ಎಸ್’ ಎಂಬ ವರ್ಗವೇ ಇಲ್ಲ. ಇರುವುದು ‘ಐ’ ಮತ್ತು ‘ಆರ್’ ಎರಡೇ. ಅಂದರೆ ಆ ಔಷಧಕ್ಕೆ ಸಿಗಬಹುದಾದ ಅತ್ಯುತ್ತಮ ಅಂಕವೇ ‘ಐ’. ಮಾರನೆಯ ದಿನ ವೈದ್ಯೆ ಇದನ್ನು ಹೇಳುವವರೆಗೆ ನಾವು ಅನುಭವಿಸಿದ ಸಂಕಟವನ್ನು ವರದಿಯ ಅಡಿಯಲ್ಲಿನ ಒಂದು ಸಾಲಿನ ಟಿಪ್ಪಣಿ ತಪ್ಪಿಸಬಹುದಿತ್ತು.

ವರದಿಯ ಪ್ರತಿಯನ್ನು ಆ ದಿನವೇ ಕೇಳಿ ಪಡೆಯಿರಿ. ‘ಡಿಸ್ಚಾರ್ಜ್ ಆಗುವಾಗ ಕೊಡುತ್ತೇವೆ’ ಎಂಬ ಉತ್ತರ ಬಂದರೆ, ಬೇರೆ ತಜ್ಞರ ಅಭಿಪ್ರಾಯಕ್ಕೆ ಬೇಕು ಎಂದು ಬರೆದುಕೊಡಿ. ನಮಗೆ ಹಾಗೆಯೇ ಸಿಕ್ಕಿತು.

ಸಂಜೆಯ ಭೇಟಿಗೆ ಹೋದಾಗ ಅಮ್ಮ ಮೊದಲಿನ ಹಾಸಿಗೆಯಲ್ಲಿರಲಿಲ್ಲ. ನನ್ನ ಎದೆ ಧಸಕ್ಕೆಂದಿತು. ಅವರನ್ನು ಮೂಲೆಯ ಗಾಜಿನ ಕೋಣೆಗೆ ಸ್ಥಳಾಂತರಿಸಿ, ಬಾಗಿಲಿಗೆ ‘ಕಾಂಟ್ಯಾಕ್ಟ್ ಐಸೊಲೇಶನ್’ ಎಂಬ ಫಲಕ ಅಂಟಿಸಿದ್ದರು. ಒಳಗೆ ಹೋಗುವವರೆಲ್ಲ ಗೌನ್, ಕೈಗವಸು ಹಾಕಿಕೊಂಡು, ಹೊರಬರುವಾಗ ಅಲ್ಲೇ ಕಳಚಿ, ಕೈಗೆ ಸ್ಪಿರಿಟ್ ದ್ರಾವಣ ಹಚ್ಚಿಕೊಳ್ಳಬೇಕು. ಇದು ಪಕ್ಕದ ರೋಗಿಗಳಿಗೆ ಸೋಂಕು ದಾಟದಿರಲಿ ಎಂದು ಮಾಡುವ ವ್ಯವಸ್ಥೆಯೇ ಹೊರತು ಅಮ್ಮನ ಸ್ಥಿತಿ ಕೈಮೀರಿದೆ ಎಂಬ ಸೂಚನೆಯಲ್ಲ. ಆದರೆ ಅದನ್ನು ಯಾರಾದರೂ ಮೊದಲೇ ಬಾಯಿಬಿಟ್ಟು ಹೇಳಬೇಕು. ನೋಡಲು ಬಂದ ಬಂಧುಗಳಲ್ಲಿ ಕೆಲವರು ‘ಅಂಟುಜಾಡ್ಯವಂತೆ’ ಎಂದು ಪಿಸುಗುಟ್ಟಿ ಬರುವುದನ್ನೇ ನಿಲ್ಲಿಸಿದರು. ಫಿಸಿಯೋಥೆರಪಿಯವರು ಉಳಿದ ಹಾಸಿಗೆಗಳನ್ನೆಲ್ಲ ಮುಗಿಸಿ ಕೊನೆಯಲ್ಲಿ ಈ ಕೋಣೆಗೆ ಬರತೊಡಗಿದರು. ಕ್ರಮ ಸರಿಯೇ, ಆದರೆ ಕೊನೆಯವರಿಗೆ ಉಳಿಯುವ ಸಮಯವೂ ಕಡಿಮೆಯೇ. ಈ ಬಗ್ಗೆ ನಾನು ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಕೊಟ್ಟ ಮೇಲೆ ಸುಧಾರಿಸಿತು.

ಈ ಕಾಯಿಲೆಯಲ್ಲಿ ಪ್ರಜ್ಞೆ ಪೂರ್ತಿ ಇರುತ್ತದೆ ಎಂಬುದೇ ಅಮ್ಮನ ಪಾಲಿಗೆ ಹೆಚ್ಚು ಕಷ್ಟವಾಯಿತು. ಕೈಕಾಲು ಆಡದ, ಮಾತಾಡಲಾಗದ ಅವರ ಸುತ್ತ ಇದ್ದಕ್ಕಿದ್ದಂತೆ ಎಲ್ಲರೂ ಮುಸುಕುಧಾರಿಗಳಾದರು. ನನ್ನನ್ನೂ ಕಣ್ಣುಗಳಿಂದಲೇ ಗುರುತಿಸಬೇಕಾಯಿತು. ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಕಫ ತೆಗೆಯಿರಿ’, ‘ಬೆನ್ನು ನೋಯುತ್ತಿದೆ’, ‘ಚಳಿ’, ‘ಮಗ್ಗುಲು ಬದಲಿಸಿ’, ‘ನಿದ್ದೆ ಬರುತ್ತಿಲ್ಲ’ ಎಂದು ಕನ್ನಡದಲ್ಲಿ ಬರೆದು, ಹಿಂಬದಿಯಲ್ಲಿ ಅದೇ ಕ್ರಮದಲ್ಲಿ ಇಂಗ್ಲಿಷಿನಲ್ಲೂ ಬರೆದೆ, ಏಕೆಂದರೆ ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರು ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು, ಅಮ್ಮ ಹೌದೆಂದರೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ರಟ್ಟನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಲ್ಯಾಮಿನೇಟ್ ಮಾಡಿಸಿ ಕೊಡಿ. ಐಸೊಲೇಶನ್ ಕೋಣೆಯಲ್ಲಿ ಒರೆಸಿ ಶುಚಿ ಮಾಡಲಾಗದ ವಸ್ತುವನ್ನು ಇಟ್ಟುಕೊಳ್ಳುವುದಿಲ್ಲ.

ಔಷಧದ ನಿರ್ಧಾರಕ್ಕೆ ಸೋಂಕುರೋಗ ತಜ್ಞರನ್ನು ಕರೆಸಿದರು. ಅವರ ಪ್ರತಿ ಭೇಟಿಗೂ ಪ್ರತ್ಯೇಕ ಶುಲ್ಕವಿತ್ತು, ಆದರೆ ಇಡೀ ಬಿಲ್ಲಿನಲ್ಲಿ ಸಾರ್ಥಕವಾಯಿತೆಂದು ನನಗೆ ಅನ್ನಿಸಿದ ಬಾಬತ್ತು ಅದೇ. ಅವರು ಎರಡು ದಾರಿ ಹೇಳಿದರು. ಒಂದು ಕೊಲಿಸ್ಟಿನ್. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು 1970ರ ದಶಕದ ಹೊತ್ತಿಗೆ ಬಹುತೇಕ ಕೈಬಿಟ್ಟಿದ್ದ ಹಳೆಯ ಔಷಧ, ಬೇರೆ ದಾರಿ ಮುಚ್ಚಿದ್ದರಿಂದ ಮತ್ತೆ ಬಳಕೆಗೆ ಬಂದಿದೆ. ಕೋಳಿ ಮತ್ತು ಜಾನುವಾರುಗಳ ಸಾಕಣೆಯಲ್ಲಿ ಅದರ ಬಳಕೆಯನ್ನು ನಮ್ಮ ದೇಶದಲ್ಲಿ 2019ರಲ್ಲಿ ನಿಷೇಧಿಸಿದ್ದು, ಕೊನೆಯ ದಾರಿಯಾಗಿ ಉಳಿದ ಈ ಔಷಧ ಮನುಷ್ಯರಿಗೆ ಕೆಲಸ ಮಾಡುತ್ತಿರಲಿ ಎಂಬ ಕಾರಣಕ್ಕೆ. ಅಮ್ಮನಿಗೆ ಮೊದಲೇ ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಕೂಡ ನಿಧಾನವಾಗಿ ಏರುತ್ತಿತ್ತು. ಎರಡನೆಯದು ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್. ಅದನ್ನು ಒಂಟಿಯಾಗಿ ಕೊಟ್ಟರೆ ಸಾಕೇ ಎಂಬುದು ಬ್ಯಾಕ್ಟೀರಿಯಾದಲ್ಲಿ ಯಾವ ಜೀನ್ ಇದೆ ಎಂಬುದನ್ನು ಅವಲಂಬಿಸಿದೆ ಎಂದು ಹೇಳಿ, ಅಂಥ ಜೀನ್ ಪತ್ತೆಮಾಡುವ ಪಿಸಿಆರ್ ಪರೀಕ್ಷೆ ಮಾಡಿಸಿದರು. ಅದರ ಫಲಿತಾಂಶ ಕೆಲವೇ ಗಂಟೆಗಳಲ್ಲಿ ಬಂತು: ಎನ್‌ಡಿಎಂ ಮತ್ತು ಆಕ್ಸಾ-48, ಈ ಎರಡೂ ಜೀನ್‌ಗಳು ಇವೆ.

ಅವರು ವಿವರಿಸಿದ್ದನ್ನು ನಾನು ಅರ್ಥಮಾಡಿಕೊಂಡಂತೆ ಹೇಳುತ್ತೇನೆ. ಎನ್‌ಡಿಎಂ ಜೀನ್ ತಯಾರಿಸುವ ಅದೇ ಹೆಸರಿನ ಕಿಣ್ವ ಪೆನಿಸಿಲಿನ್ ಬಳಗದ ಬಹುತೇಕ ಎಲ್ಲ ಔಷಧಗಳನ್ನೂ, ಮೆರೊಪೆನೆಮ್ ಸೇರಿದಂತೆ, ಒಡೆದುಹಾಕುತ್ತದೆ. ಅವಿಬ್ಯಾಕ್ಟಮ್‌ಗೆ ಅದನ್ನು ತಡೆಯಲಾಗುವುದಿಲ್ಲ. ಅಜ್ಟ್ರಿಯೋನಾಮ್ ಎಂಬ ಇನ್ನೊಂದು ಔಷಧವನ್ನು ಎನ್‌ಡಿಎಂ ಮುಟ್ಟದು, ಆದರೆ ಅದೇ ಬ್ಯಾಕ್ಟೀರಿಯಾ ತನ್ನಲ್ಲಿ ಇಟ್ಟುಕೊಂಡಿರುವ ಬೇರೆ ಕಿಣ್ವಗಳು ಅಜ್ಟ್ರಿಯೋನಾಮನ್ನು ನಾಶಮಾಡುತ್ತವೆ; ಆ ಬೇರೆ ಕಿಣ್ವಗಳನ್ನು ಅವಿಬ್ಯಾಕ್ಟಮ್ ತಡೆಯಬಲ್ಲದು. ಹಾಗಾಗಿ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಮತ್ತು ಅಜ್ಟ್ರಿಯೋನಾಮ್ ಎರಡನ್ನೂ ಒಂದೇ ಹೊತ್ತಿನಲ್ಲಿ ರಕ್ತಕ್ಕೆ ಹರಿಸಬೇಕು. ನಿಮ್ಮವರಿಗೂ ಈ ಜೋಡಿಯನ್ನೇ ಬರೆದುಕೊಟ್ಟರೆ, ಎರಡೂ ಒಟ್ಟಿಗೆ ಹೋಗುತ್ತಿವೆಯೇ ಎಂದು ಸಿಸ್ಟರ್ ಅವರನ್ನು ವಿನಯದಿಂದ ಕೇಳುವುದರಲ್ಲಿ ತಪ್ಪೇನಿಲ್ಲ.

ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಆಸ್ಪತ್ರೆಯ ಔಷಧಾಲಯದಲ್ಲಿ ಇತ್ತು, ಅಜ್ಟ್ರಿಯೋನಾಮ್ ಇರಲಿಲ್ಲ. ‘ಹೊರಗಿನಿಂದ ತನ್ನಿ’ ಎಂದು ಚೀಟಿ ಕೊಟ್ಟರು. ತಮ್ಮ ಮೈಸೂರು ರಸ್ತೆಯ ಅಂಗಡಿಗಳಲ್ಲಿ ಕೇಳಿ ಬರಿಗೈಯಲ್ಲಿ ನಿಂತಾಗ, ನಾನು ವಿಜಯನಗರದಿಂದ ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದು ಔಷಧ ವಿತರಕರನ್ನು ಹುಡುಕಿಕೊಂಡು ಹೋದೆ. ವೈದ್ಯರ ಸಹಿ, ನೋಂದಣಿ ಸಂಖ್ಯೆ, ಆಸ್ಪತ್ರೆಯ ಮೊಹರು ಮೂರೂ ಇಲ್ಲದ ಚೀಟಿಗೆ ಅಲ್ಲಿ ಬೆಲೆಯಿಲ್ಲ. ನನ್ನಲ್ಲಿದ್ದ ಚೀಟಿಗೆ ಮೊಹರು ಇರಲಿಲ್ಲವಾದ್ದರಿಂದ ಒಮ್ಮೆ ಹಿಂದಿರುಗಬೇಕಾಯಿತು. ಇಂಥ ಬಿಗಿ ಅಗತ್ಯ ಎಂಬುದು ನನ್ನ ಅಭಿಪ್ರಾಯ. ಮೆರೊಪೆನೆಮ್‌ನಂಥ ಔಷಧಗಳನ್ನು 2014ರಿಂದ ಎಚ್1 ಪಟ್ಟಿಗೆ ಸೇರಿಸಿ, ಮಾರಾಟದ ದಾಖಲೆಯನ್ನು ಅಂಗಡಿಯವರು ಮೂರು ವರ್ಷ ಇಡಬೇಕೆಂದು ಮಾಡಿರುವುದೂ ಅದಕ್ಕಾಗಿಯೇ. ಆದರೆ ಮೊಹರು ಹಾಕಿಯೇ ಚೀಟಿ ಕೊಡುವುದು ಆಸ್ಪತ್ರೆಯ ಕೆಲಸವಾಗಿತ್ತು.

ಹೊರಗೆ ಕೊಂಡ ಔಷಧಕ್ಕೆ ರೋಗಿಯ ಹೆಸರು, ಬ್ಯಾಚ್ ಸಂಖ್ಯೆ, ಜಿಎಸ್‌ಟಿ ವಿವರ ಇರುವ ಬಿಲ್ ಪಡೆಯಿರಿ. ಜೊತೆಗೆ ‘ಈ ಔಷಧ ನಮ್ಮ ದಾಸ್ತಾನಿನಲ್ಲಿ ಇಲ್ಲ’ ಎಂದು ಆಸ್ಪತ್ರೆಯ ಔಷಧಾಲಯದಿಂದ ಒಂದು ಪತ್ರ ಬರೆಸಿಕೊಳ್ಳಿ. ವಿಮೆಯ ಕಡೆಯಿಂದ, ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆಯಾದ ಟಿಪಿಎ ಮೊದಲು ಕೇಳಿದ್ದೇ ಆ ಪತ್ರವನ್ನು. ಎರಡನೆಯ ಪ್ರಶ್ನೆ, ಇಷ್ಟು ದುಬಾರಿ ಔಷಧ ಏಕೆ ಎಂಬುದು. ಕಲ್ಚರ್ ಮತ್ತು ಪಿಸಿಆರ್ ವರದಿಗಳ ಪ್ರತಿ ನನ್ನ ಕೈಯಲ್ಲೇ ಇದ್ದುದರಿಂದ ಆಸ್ಪತ್ರೆಯ ವಿಮಾ ಕೌಂಟರಿಗೆ ಆ ಗಂಟೆಯಲ್ಲೇ ಕೊಟ್ಟೆ. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ವಯಲ್ ಒಂದಕ್ಕೆ ಸಾವಿರಗಳ ಲೆಕ್ಕ, ದಿನಕ್ಕೆ ಮೂರು ವಯಲ್, ಮೇಲೆ ಅಜ್ಟ್ರಿಯೋನಾಮ್. ಒಂದೇ ಔಷಧದ ಬೆಲೆ ಕಂಪನಿಯಿಂದ ಕಂಪನಿಗೆ ಬಹಳ ವ್ಯತ್ಯಾಸವಾಗುತ್ತದೆ ಎಂಬುದೂ ತಿಳಿಯಿತು. ಬೇರೆ ಬ್ರ್ಯಾಂಡ್ ಆದೀತೇ ಎಂದು ವೈದ್ಯರನ್ನು ಕೇಳಿದಾಗ ಅವರು ಸಂಕೋಚವಿಲ್ಲದೆ ಒಪ್ಪಿದರು. ಗೌನು, ಕೈಗವಸು, ಮಾಸ್ಕುಗಳನ್ನು ಮಾತ್ರ ವಿಮೆ ಕೊಡಲಿಲ್ಲ. ಐಸೊಲೇಶನ್ ಕೋಣೆಯಲ್ಲಿ ಪ್ರತಿಯೊಬ್ಬರ ಪ್ರತಿ ಪ್ರವೇಶಕ್ಕೂ ಒಂದೊಂದು ಜೊತೆ ಖರ್ಚಾಗುವುದರಿಂದ, ಆ ಸಣ್ಣ ಬಾಬತ್ತು ಕೊನೆಗೆ ಸಣ್ಣದಾಗಿರಲಿಲ್ಲ.

ಹೊಸ ಔಷಧ ಶುರುವಾದ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯಿತು. ಆಮ್ಲಜನಕವನ್ನು ತಗ್ಗಿಸಿದರು, ರಕ್ತದಲ್ಲಿ ಸೋಂಕಿನ ತೀವ್ರತೆ ಸೂಚಿಸುವ ಪ್ರೊಕ್ಯಾಲ್ಸಿಟೋನಿನ್ ಸಂಖ್ಯೆಯೂ ಕೆಳಗಿಳಿಯಿತು. ಸುಮಾರು ಒಂದು ವಾರದ ಕೋರ್ಸ್ ಮುಗಿದ ಕೂಡಲೇ ನಿಲ್ಲಿಸುತ್ತೇವೆ ಎಂದರು. ಅದೇ ಹೊತ್ತಿಗೆ ಮತ್ತೊಮ್ಮೆ ಕಳುಹಿಸಿದ್ದ ಕಫದ ಕಲ್ಚರ್‌ನಲ್ಲಿ ಅದೇ ಕ್ಲೆಬ್ಸಿಯೆಲ್ಲಾ ಮತ್ತೆ ಬೆಳೆದಿತ್ತು. ಮದ್ದೂರಿನಿಂದ ಬಂದಿದ್ದ ಸೋದರಮಾವ ಕೆರಳಿದರು. “ಹುಳ ಇನ್ನೂ ಅದೆ ಅಂದ್ಮೇಲೆ ಔಷ್ದಿ ಯಾಕವ್ವ ನಿಲ್ಲುಸ್ತಾರೆ? ದುಡ್ಡಿಲ್ಲ ಅನ್ಕೊಂಡ್ರಾ? ನಾನ್ ಕೊಡ್ತೀನಿ” ಎಂದು ಗಟ್ಟಿಯಾಗಿಯೇ ಹೇಳಿದರು. ನನಗೂ ಒಳಗೊಳಗೆ ಅದೇ ಪ್ರಶ್ನೆಯಿತ್ತು. ತಜ್ಞರು ಮಾವನ ಕಸುಬು ಏನೆಂದು ಕೇಳಿ ತಿಳಿದುಕೊಂಡು, “ಗೌಡರೇ, ಬದುವಿನ ಮೇಲೆ ಕಳೆ ಇದೆ ಅಂತ ಗದ್ದೆಗೆಲ್ಲ ಔಷಧಿ ಹೊಡೀತೀರಾ?” ಎಂದರು. ಕೊಳವೆಯಲ್ಲಿ, ಗಂಟಲಲ್ಲಿ, ಕರುಳಿನಲ್ಲಿ ಬ್ಯಾಕ್ಟೀರಿಯಾ ಸುಮ್ಮನೆ ನೆಲೆಸಿರುವುದು ಬೇರೆ, ಅದು ಶ್ವಾಸಕೋಶದೊಳಗೆ ಕಾಯಿಲೆ ಮಾಡುವುದು ಬೇರೆ. ಜ್ವರವಿಲ್ಲ, ಹೊಸ ಪ್ಯಾಚ್ ಇಲ್ಲ, ಆಮ್ಲಜನಕ ಹೆಚ್ಚು ಬೇಕಾಗಿಲ್ಲ ಎಂದಾದರೆ, ಬರೀ ವರದಿ ನೋಡಿ ಔಷಧ ಮುಂದುವರಿಸಿದರೆ ಆ ಔಷಧಕ್ಕೂ ಬಗ್ಗದ ತಳಿ ಉಳಿದುಕೊಳ್ಳುತ್ತದೆ. ಆಮೇಲೆ ನಿಜವಾಗಿ ಬೇಕಾದಾಗ ಏನೂ ಇರುವುದಿಲ್ಲ. ಮಾವ ಸುಮ್ಮನಾದರು. ಔಷಧ ನಿಂತ ಮೊದಲ ರಾತ್ರಿ ನಾವ್ಯಾರೂ ನಿದ್ದೆ ಮಾಡಲಿಲ್ಲ, ಜ್ವರ ಬರಲಿಲ್ಲ.

ಈ ಸೋಂಕು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗಲಿಲ್ಲ. ಅಮ್ಮನ ಕರುಳಲ್ಲೇ ಮೊದಲಿನಿಂದ ಇದ್ದಿರಬಹುದು, ಐಸಿಯುನಲ್ಲಿ ಕೈಯಿಂದ ಕೈಗೆ ದಾಟಿರಬಹುದು ಎಂದರು. ಗಾಜಿನಾಚೆ ನಿಂತು ನೋಡಿದವಳಾಗಿ ಹೇಳುವುದಾದರೆ, ಹಗಲಿನಲ್ಲಿ ಕೈ ಶುಚಿ ಮಾಡುವ ಶಿಸ್ತು ಚೆನ್ನಾಗಿತ್ತು, ರಾತ್ರಿ ಒಬ್ಬ ಸಿಸ್ಟರ್ ಹೆಚ್ಚು ಹಾಸಿಗೆಗಳನ್ನು ನೋಡಬೇಕಾದಾಗ ಅದು ಸಡಿಲವಾಗುತ್ತಿತ್ತು. ಕುಟುಂಬದವರು ಕೇಳಬಹುದಾದ ಕೆಲವು ಪ್ರಶ್ನೆಗಳಿವೆ: ತಲೆಯ ಕಡೆ ಹಾಸಿಗೆ 30ರಿಂದ 45 ಡಿಗ್ರಿ ಎತ್ತರದಲ್ಲಿದೆಯೇ, ಬಾಯಿ ಶುಚಿ ಮಾಡಿದರೇ, ಮೂತ್ರದ ಕ್ಯಾತಿಟರ್ ಮತ್ತು ಕತ್ತಿನ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ, ಅಂದರೆ ಸೆಂಟ್ರಲ್ ಲೈನ್ ಇನ್ನೂ ಬೇಕೇ. ಕೊನೆಯ ಪ್ರಶ್ನೆಯನ್ನು ನಾನು ಕೇಳಿದ ದಿನವೇ ಅಮ್ಮನ ಸೆಂಟ್ರಲ್ ಲೈನ್ ತೆಗೆದರು.

ಗಂಟಲಿನಲ್ಲಿ ರಂಧ್ರ ಮಾಡಿ ಉಸಿರಾಟದ ಕೊಳವೆ ಇಡುವ ಟ್ರೇಕಿಯಾಸ್ಟಮಿ ಮಾಡಿದ ಮೇಲೆ ವೆಂಟಿಲೇಟರಿನಿಂದ ಬಿಡಿಸುವ ಕೆಲಸ ನಿಧಾನವಾಗಿ ಸಾಗಿತು. ಮುಂದಿನ ಹಂತವಾಗಿ ಪುನಶ್ಚೇತನ ಕೇಂದ್ರವೊಂದನ್ನು ಗೊತ್ತುಮಾಡಿ, ಮುಂಗಡವನ್ನೂ ಕಟ್ಟಿದ್ದೆವು. ಆಂಬುಲೆನ್ಸ್ ಹೊರಡುವ ಮುನ್ನ ಅವರು ಕಲ್ಚರ್ ವರದಿ ಕೇಳಿದರು. ಕಳುಹಿಸಿದ ಅರ್ಧ ಗಂಟೆಯಲ್ಲಿ ‘ಬೆಡ್ ಇಲ್ಲ’ ಎಂಬ ಉತ್ತರ ಬಂತು. ಕಾರಣವನ್ನು ಬಾಯಿಬಿಟ್ಟು ಹೇಳಲಿಲ್ಲ. ಮುಂಗಡ ಹಿಂದಿರುಗಿಸಲು ವಾರಗಳೇ ಹಿಡಿದವು. ಇನ್ನೊಂದು ಕೇಂದ್ರ ಒಂಟಿ ಕೋಣೆಯ ಬಾಡಿಗೆಯ ಷರತ್ತಿನ ಮೇಲೆ ಒಪ್ಪಿಕೊಂಡಿತು. ಮುಂಗಡ ಕಟ್ಟುವ ಮೊದಲೇ ಸೋಂಕಿನ ವಿಷಯವನ್ನು ಬರವಣಿಗೆಯಲ್ಲಿ ತಿಳಿಸಿ, ಒಪ್ಪಿಗೆಯನ್ನೂ ಬರವಣಿಗೆಯಲ್ಲೇ ಪಡೆಯುವುದು ಒಳ್ಳೆಯದು.

ಡಿಸ್ಚಾರ್ಜ್ ಸಾರಾಂಶದ ಕರಡಿನಲ್ಲಿ ಈ ಇಡೀ ಪ್ರಕರಣ ‘ಸೆಪ್ಸಿಸ್, ಚಿಕಿತ್ಸೆ ನೀಡಲಾಗಿದೆ’ (ಸೆಪ್ಸಿಸ್ ಎಂದರೆ ಸೋಂಕಿನಿಂದ ಇಡೀ ದೇಹ ಬಾಧೆಗೊಳ್ಳುವುದು) ಎಂಬಷ್ಟರಲ್ಲಿ ಮುಗಿದಿತ್ತು. ಬ್ಯಾಕ್ಟೀರಿಯಾದ ಹೆಸರು, ಜೀನ್‌ಗಳು, ಕೊಟ್ಟ ಔಷಧ, ಎಷ್ಟು ದಿನ ಎಂಬುದನ್ನೆಲ್ಲ ಬರೆಯಿರೆಂದು ಕೇಳಿ ತಿದ್ದಿಸಿಕೊಂಡೆ. ರೋಗಿಯ ಕಡೆಯವರು ಲಿಖಿತವಾಗಿ ಕೇಳಿದರೆ 72 ಗಂಟೆಗಳೊಳಗೆ ಚಿಕಿತ್ಸಾ ದಾಖಲೆಗಳನ್ನು ಕೊಡಬೇಕೆಂಬುದು ವೈದ್ಯರ ವೃತ್ತಿ ನಿಯಮಗಳಲ್ಲೇ 2002ರಿಂದ ಇದೆ. ವಿಮೆಯ ಅಂತಿಮ ಒಪ್ಪಿಗೆ 3 ಗಂಟೆಗಳೊಳಗೆ ಬರಬೇಕೆಂಬ ನಿಯಂತ್ರಣ ಪ್ರಾಧಿಕಾರದ 2024ರ ಸೂಚನೆಯನ್ನು ಕೌಂಟರಿನಲ್ಲಿ ನೆನಪಿಸಿದಾಗ ಕಡತ ತುಸು ವೇಗ ಪಡೆಯಿತು, ಆದರೂ ಹೊರಬೀಳುವಾಗ ಕತ್ತಲಾಗಿತ್ತು. ಅಜ್ಟ್ರಿಯೋನಾಮ್ ಬಿಲ್ಲುಗಳಲ್ಲಿ ಕಡಿತ ಮಾಡಿದ ಮೊತ್ತಕ್ಕಾಗಿ ಕಂಪನಿಗೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಹೋಗಬೇಕು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮನೆಗೆ ಬಂದ ಮೇಲೂ ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದು ಎಂದಿದ್ದಾರೆ. ಆರೋಗ್ಯವಂತರಿಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ತಟ್ಟೆ ಲೋಟ ಬೇರೆ ಇಡಬೇಕಿಲ್ಲ, ಮೊಮ್ಮಕ್ಕಳು ಹತ್ತಿರ ಕೂರಬಹುದು. ಡಯಾಪರ್ ಬದಲಿಸಿದ ಮೇಲೆ, ಗಂಟಲಿನ ಕೊಳವೆ ಶುಚಿ ಮಾಡಿದ ಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಮಾತ್ರ ಬಿಡುವಂತಿಲ್ಲ. ‘ಹೋಯಿತೇ’ ಎಂದು ತಿಳಿಯಲು ಮತ್ತೆ ಮತ್ತೆ ಕಲ್ಚರ್ ಮಾಡಿಸಲು ಹೋಗಬೇಡಿ ಎಂದೂ ಹೇಳಿದ್ದಾರೆ.

ಗಂಟಲಿನ ಕೊಳವೆ ತೆಗೆಸಿದ ಕೆಲವು ವಾರಗಳ ನಂತರ ಅಮ್ಮನಿಗೆ ಮೂತ್ರದ ಸೋಂಕಿನಿಂದ ಚಳಿಜ್ವರ ಬಂದು, ಬೇರೊಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದೆವು. ಹೆಸರು ಬರೆಸುವ ಮೊದಲೇ ಹಳೆಯ ಕಲ್ಚರ್ ಮತ್ತು ಪಿಸಿಆರ್ ವರದಿಗಳನ್ನು ಕರ್ತವ್ಯದಲ್ಲಿದ್ದ ವೈದ್ಯರ ಕೈಗೆ ಕೊಟ್ಟೆ. ಅವರು ಅವನ್ನು ಪೂರ್ತಿ ಓದಿ, ಅಮ್ಮನನ್ನು ಒಂಟಿ ಕೋಣೆಗೆ ಕಳುಹಿಸಿ, ಮೂತ್ರದ ಸ್ಯಾಂಪಲ್ ತೆಗೆಸಿದ ಮೇಲೆ ಔಷಧ ಬರೆದರು. ಈ ಬಾರಿ ಬೆಳೆದದ್ದು ಇ. ಕೋಲಿ; ವರದಿಯಲ್ಲಿ ಸಾಕಷ್ಟು ‘ಎಸ್’ಗಳಿದ್ದವು, ಸಾಧಾರಣ ಬೆಲೆಯ ಔಷಧದಲ್ಲೇ ಜ್ವರ ಬಿಟ್ಟಿತು.